ಒಂದೇ ನೆಲ, ಮೂರು ಹಣದ ಚೀಲ: ಅಮೆರಿಕದ ಸೇನಾ ನಿರ್ಮಾಣ ಎಲ್ಲಿ ಸಿಕ್ಕಿಬೀಳುತ್ತದೆ

ಅಮೆರಿಕದ ವಾಯುನೆಲೆಯೊಂದರಲ್ಲಿ ವಿಮಾನ ದುರಸ್ತಿಯ ಹ್ಯಾಂಗರ್ ಕಟ್ಟಬೇಕು ಅಂತಿಟ್ಟುಕೊಳ್ಳಿ. ಕಟ್ಟಡದ ದುಡ್ಡು ಒಂದು ಲೆಕ್ಕಶೀರ್ಷಿಕೆಯಿಂದ ಬರುತ್ತದೆ. ಅದರಡಿಯ ಮಣ್ಣಿನಲ್ಲಿ ಸೇರಿಕೊಂಡ ಹಳೆಯ ರಾಸಾಯನಿಕ ತೆಗೆಯುವುದಕ್ಕೆ ಇನ್ನೊಂದು ಖಾತೆ. ಹೊರಗಿನ ಕರೆಂಟು ಹೋದಾಗ ಹ್ಯಾಂಗರ್ ನಡೆಸುವ ಮೈಕ್ರೊಗ್ರಿಡ್‌ಗೆ ಮತ್ತೊಂದು. ಮೂರಕ್ಕೂ ಬೇರೆ ಕಾನೂನು, ಬೇರೆ ಗಡುವು, ಬೇರೆ ಕಚೇರಿ. ನೆಲ ಮಾತ್ರ ಒಂದೇ. ಇಂಥ ಯೋಜನೆ ವರ್ಷಗಟ್ಟಲೆ ತಡವಾಯಿತೆಂದರೆ ಬಹುಪಾಲು ಈ ಮೂರರ ವೇಳಾಪಟ್ಟಿ ಒಂದಕ್ಕೊಂದು ಹೊಂದಿಕೊಂಡಿಲ್ಲ ಎಂದೇ ಅರ್ಥ. ಕಾಂಕ್ರೀಟು, ಉಕ್ಕಿನ ತಾಪತ್ರಯಗಳೆಲ್ಲ ಆಮೇಲಿನವು.

ಕಟ್ಟಿಸುವ ಹೊಣೆ ಹೊತ್ತವರು ಮುಖ್ಯವಾಗಿ ಇಬ್ಬರು: ಸೇನೆಯ ಕಾರ್ಪ್ಸ್ ಆಫ್ ಎಂಜಿನಿಯರ್ಸ್ ಮತ್ತು ನೌಕಾಪಡೆಯ ನಿರ್ಮಾಣ ವಿಭಾಗವಾದ ನ್ಯಾವ್‌ಫ್ಯಾಕ್. ವಾಯುಪಡೆಯ ದೊಡ್ಡ ಕಟ್ಟಡಗಳ ಗುತ್ತಿಗೆಯೂ ಸಾಮಾನ್ಯವಾಗಿ ಇವರಿಬ್ಬರಲ್ಲಿ ಒಬ್ಬರ ಮೂಲಕವೇ ಹೋಗುತ್ತದೆ. ಹಾಗಾಗಿ ಕಟ್ಟಡ ಬಳಸುವವರು ಒಬ್ಬರು, ನೆಲೆಯ ಯಜಮಾನರು ಇನ್ನೊಬ್ಬರು, ಗುತ್ತಿಗೆ ಸಹಿ ಮಾಡುವವರು ಮೂರನೆಯವರು.

ಹಣದ ಬಣ್ಣ

ಈ ವೃತ್ತಿಯಲ್ಲಿ ಇರುವವರು ಹಣಕ್ಕೆ ಬಣ್ಣವಿದೆ ಎನ್ನುತ್ತಾರೆ. ನಿರ್ಮಾಣಕ್ಕೆಂದೇ ಸಂಸತ್ತು ಕೊಡುವ ಹಣಕ್ಕೆ ಮಿಲ್‌ಕಾನ್ ಎಂದು ಹೆಸರು. ಅದನ್ನು ಗುತ್ತಿಗೆಗೆ ಕಟ್ಟಿಹಾಕಲು ಐದು ವರ್ಷ ಅವಕಾಶ. ಕಾರ್ಯಾಚರಣೆ ಮತ್ತು ನಿರ್ವಹಣೆಯ ನಿಧಿಗೆ ಒಂದೇ ವರ್ಷ. ಅಕ್ಟೋಬರ್ 1ಕ್ಕೆ ಹುಟ್ಟಿ ಮುಂದಿನ ಸೆಪ್ಟೆಂಬರ್ 30ಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಮಿಲ್‌ಕಾನ್ ಯೋಜನೆಗೆ ಎರಡು ಕಾಯ್ದೆಗಳ ಒಪ್ಪಿಗೆ ಬೇಕು: ರಕ್ಷಣಾ ಅಧಿಕಾರ ಕಾಯ್ದೆ ಆ ಯೋಜನೆಗೆ ಅನುಮತಿ ಕೊಡಬೇಕು, ಹಣ ವಿನಿಯೋಗ ಕಾಯ್ದೆ ದುಡ್ಡು ಕೊಡಬೇಕು. ಒಂದು ಬಂದು ಇನ್ನೊಂದು ಬಾರದಿದ್ದರೆ ಕೆಲಸ ಶುರುವಾಗದು. ಬಜೆಟ್ ಪಾಸಾಗದೆ ತಾತ್ಕಾಲಿಕ ಮುಂದುವರಿಕೆಯ ನಿರ್ಣಯದ ಮೇಲೆ ಸರ್ಕಾರ ನಡೆಯುವ ತಿಂಗಳುಗಳಲ್ಲಿ ಹೊಸ ಮಿಲ್‌ಕಾನ್ ಯೋಜನೆ ಆರಂಭಿಸುವಂತಿಲ್ಲ. ಅಕ್ಟೋಬರ್‌ನಲ್ಲೇ ಗುತ್ತಿಗೆ ಕೊಡುತ್ತೇವೆಂದು ವೇಳಾಪಟ್ಟಿ ಬರೆಯುವವರನ್ನು ಕಂಡರೆ ಅನುಭವಸ್ಥರು ನಗುತ್ತಾರೆ.

ಪ್ರತಿ ಸಣ್ಣ ಶೆಡ್ಡಿಗೂ ಸಂಸತ್ತಿನ ತನಕ ಹೋಗಬೇಕಿಲ್ಲ. 2024ರ ಹಣಕಾಸು ವರ್ಷದ ರಕ್ಷಣಾ ಕಾಯ್ದೆಯ ಪ್ರಕಾರ 90 ಲಕ್ಷ ಡಾಲರ್‌ವರೆಗಿನ ಕೆಲಸ ‘ಸಣ್ಣ ನಿರ್ಮಾಣ’. ಅದಕ್ಕೂ ಮುಂಚೆ ಮಿತಿ 60 ಲಕ್ಷವಿತ್ತು. ಅದರಲ್ಲೂ 40 ಲಕ್ಷ ಡಾಲರ್ ಒಳಗಿನದನ್ನು ನಿರ್ವಹಣಾ ನಿಧಿಯಿಂದಲೇ ಮಾಡಬಹುದು. ಈ ಮಿತಿ ಮೊದಲು 20 ಲಕ್ಷವಿತ್ತು. ಆಮಿಷ ಇರುವುದೇ ಇಲ್ಲಿ. 70 ಲಕ್ಷದ ಕೆಲಸವನ್ನು 35 ಲಕ್ಷದ ಎರಡು ತುಂಡು ಮಾಡಿ ಎರಡು ವರ್ಷ ನಿರ್ವಹಣಾ ನಿಧಿಯಿಂದ ಮುಗಿಸಿಬಿಡೋಣ ಎಂದು ಯಾರಿಗಾದರೂ ಹೊಳೆದೇ ಹೊಳೆಯುತ್ತದೆ. ಕಾನೂನಿನ ಕಣ್ಣಲ್ಲಿ ಯೋಜನೆ ಎಂದರೆ ಪೂರ್ಣವಾದ, ಬಳಸಲು ತಕ್ಕ ಸೌಲಭ್ಯ. ಮೊದಲ ತುಂಡು ತಾನಾಗಿಯೇ ಬಳಕೆಗೆ ಬರದಿದ್ದರೆ ಅದು ಒಡೆದ ಯೋಜನೆ. ಒಡೆದದ್ದು ಸಾಬೀತಾದರೆ ಮಂಜೂರಾತಿ ಮೀರಿ ಖರ್ಚು ಮಾಡುವುದನ್ನು ತಡೆಯುವ ಆಂಟಿ ಡೆಫಿಷಿಯೆನ್ಸಿ ಕಾಯ್ದೆಯ ಉಲ್ಲಂಘನೆಯ ತನಿಖೆ. ಹೊಣೆಗಾರ ಅಧಿಕಾರಿಯ ಹೆಸರು ಬರೆದು ಅಧ್ಯಕ್ಷರಿಗೂ ಸಂಸತ್ತಿಗೂ ವರದಿ ಹೋಗುತ್ತದೆ.

ದುರಸ್ತಿ ಮತ್ತು ನಿರ್ಮಾಣದ ನಡುವಿನ ಗೆರೆಯೂ ಇಷ್ಟೇ ಜಾರುವಂಥದ್ದು. ಕೆಟ್ಟ ಚಿಲ್ಲರ್ (ಕಟ್ಟಡ ತಂಪಾಗಿಸುವ ಯಂತ್ರ) ತೆಗೆದು ಹೊಸದು ಕೂರಿಸಿದರೆ ದುರಸ್ತಿ. ಅದನ್ನು ಕೂರಿಸಲು ಕಟ್ಟಡಕ್ಕೆ ಹೊಸ ಕೋಣೆ ಸೇರಿಸಿದರೆ ಆ ಕೋಣೆ ನಿರ್ಮಾಣ. ಒಂದೇ ಗುತ್ತಿಗೆಯೊಳಗೆ ಎರಡೂ ಇರಬಹುದು. ಆದರೆ ನಿರ್ಮಾಣದ ಭಾಗವನ್ನು ಬೇರೆ ಸಾಲಿನಲ್ಲಿ ಲೆಕ್ಕ ಹಾಕಿ, ಅದು ಮಿತಿಯೊಳಗಿದೆ ಎಂದು ಕಡತದಲ್ಲಿ ತೋರಿಸಿರಬೇಕು. ಕೆಲಸ ಮುಗಿದ ಮೇಲೆ ಹೀಗೆ ಬೇರ್ಪಡಿಸಲು ಹೊರಟರೆ ಯಾವ ಲೆಕ್ಕ ಪರಿಶೋಧಕನೂ ನಂಬುವುದಿಲ್ಲ.

ನಮೂನೆ 1391

ಸಂಸತ್ತಿಗೆ ಹೋಗುವ ಪ್ರತಿ ಮಿಲ್‌ಕಾನ್ ಯೋಜನೆಯ ಜಾತಕ ಡಿಡಿ 1391 ಎಂಬ ನಮೂನೆಯಲ್ಲಿರುತ್ತದೆ. 9ನೇ ಅಂಕಣ ವೆಚ್ಚ, 10 ಕಟ್ಟಡದ ವಿವರ, 11 ಯಾಕೆ ಬೇಕು, ಈಗಿನ ಸ್ಥಿತಿ ಏನು, ಕೊಡದಿದ್ದರೆ ಏನಾಗುತ್ತದೆ. ಎಲ್ಲರೂ 11ನೇ ಅಂಕಣದ ಗದ್ಯವನ್ನು ತಿದ್ದುತ್ತ ಕೂರುತ್ತಾರೆ. ಯೋಜನೆ ಸೋಲುವುದು 9ರಲ್ಲಿ.

9ನೇ ಅಂಕಣದಲ್ಲಿ ವೆಚ್ಚ ಎರಡು ಭಾಗ. ಗೋಡೆಯಿಂದ ಹೊರಕ್ಕೆ 5 ಅಡಿಯವರೆಗೆ ಇರುವುದು ಮುಖ್ಯ ಸೌಲಭ್ಯ. ಅದರಾಚೆಯ ವಿದ್ಯುತ್ ಲೈನು, ನೀರು, ಒಳಚರಂಡಿ, ಅನಿಲ, ರಸ್ತೆ, ಮಳೆನೀರು ಕಾಲುವೆ, ನೆಲ ಸಮತಟ್ಟು, ಹಳೆ ಕಟ್ಟಡ ಕೆಡಹುವುದು, ಸಂಪರ್ಕ ಕೇಬಲ್ ಎಲ್ಲ ಪೂರಕ ಸೌಲಭ್ಯ. ಮುಖ್ಯ ಸೌಲಭ್ಯಕ್ಕೆ ಚದರಡಿ ದರ ರಕ್ಷಣಾ ಇಲಾಖೆಯ ದರಪುಸ್ತಕ ಯುಎಫ್‌ಸಿ 3-701-01ರಲ್ಲಿ ಸಿಗುತ್ತದೆ. ಅದಕ್ಕೆ ಊರಿನ ವೆಚ್ಚ ಸೂಚ್ಯಂಕ ಗುಣಿಸಿ, ಕಟ್ಟಡದ ಗಾತ್ರಕ್ಕೆ ಹೊಂದಿಸಿ, ನಿರ್ಮಾಣದ ನಡುಘಟ್ಟದ ತಾರೀಖಿಗೆ ಬೆಲೆ ಏರಿಸಿದರೆ ಸುಮಾರಾಗಿ ಸರಿಯಾದ ಅಂಕಿ ಬರುತ್ತದೆ. ಪೂರಕ ಸೌಲಭ್ಯಕ್ಕೆ ಇಂಥ ಪುಸ್ತಕದ ಆಸರೆ ಕಡಿಮೆ. ಹತ್ತಿರದ ಸಬ್‌ಸ್ಟೇಷನ್‌ನಲ್ಲಿ ಖಾಲಿ ಬ್ರೇಕರ್ ಇದೆಯೇ, ಫೀಡರ್‌ನಲ್ಲಿ ಇನ್ನೆಷ್ಟು ಹೊರೆ ಹಿಡಿಸುತ್ತದೆ, ಚರಂಡಿ ಪೈಪು ಯಾವ ಮಟ್ಟದಲ್ಲಿದೆ ಎಂದು ಯಾರಾದರೂ ನಡೆದು ನೋಡಿಯೇ ಬರೆಯಬೇಕು. ನೋಡದೆ ಹಿಂದಿನ ಯೋಜನೆಯ ಶೇಕಡಾವಾರು ನಕಲು ಮಾಡಿದ ನಮೂನೆಗಳು ಟೆಂಡರ್ ತೆರೆದ ದಿನ ಬಣ್ಣ ಬಿಡುತ್ತವೆ.

ಲೆಕ್ಕ ಹೀಗೆ ನಡೆಯುತ್ತದೆ. ಮುಖ್ಯ, ಪೂರಕ ಎರಡೂ ಸೇರಿ ಅಂದಾಜು ಗುತ್ತಿಗೆ ಮೊತ್ತ 4 ಕೋಟಿ ಡಾಲರ್ ಎನ್ನೋಣ. ಅನಿರೀಕ್ಷಿತಕ್ಕೆ ಶೇ. 5 ಎಂದರೆ 20 ಲಕ್ಷ, ಮೊತ್ತ 4.20 ಕೋಟಿ. ಮೇಲ್ವಿಚಾರಣೆ, ತಪಾಸಣೆ ಮತ್ತು ಕಚೇರಿ ಖರ್ಚಿಗೆ ಅಮೆರಿಕದ ಮುಖ್ಯಭೂಮಿಯಲ್ಲಿ ಶೇ. 5.7, ಅಂದರೆ 23.94 ಲಕ್ಷ. ಒಟ್ಟು 4 ಕೋಟಿ 43 ಲಕ್ಷ 94 ಸಾವಿರ. ವಿನ್ಯಾಸವೂ ನಿರ್ಮಾಣವೂ ಒಬ್ಬನೇ ಗುತ್ತಿಗೆದಾರನಿಗೆ ಹೋಗುವುದಾದರೆ ವಿನ್ಯಾಸಕ್ಕೆ ಸಾಮಾನ್ಯವಾಗಿ ಶೇ. 4ರ ಸಾಲೊಂದು ಸೇರುತ್ತದೆ. ಅನಿರೀಕ್ಷಿತಕ್ಕಿಟ್ಟ ಆ 20 ಲಕ್ಷ ಕೇಳಲು ದೊಡ್ಡದು. ಅಡಿಪಾಯದ ಜಾಗದಲ್ಲಿ ಮೆತ್ತನೆ ಜೇಡಿ ಸಿಕ್ಕು ಪೈಲ್ (ಆಳಕ್ಕಿಳಿಸುವ ಕಂಬ) ಹಾಕಬೇಕಾಗಿ ಬಂದರೆ ಅರ್ಧ ಅಲ್ಲೇ ಕರಗುತ್ತದೆ.

ಮೀರಿದರೆ? ಮಂಜೂರಾದ ಮೊತ್ತದ ಶೇ. 25, ಅಥವಾ ಸಣ್ಣ ನಿರ್ಮಾಣ ಮಿತಿಯ ಎರಡು ಪಟ್ಟು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟರೊಳಗಿನ ಏರಿಕೆಗೆ ಕಾನೂನಿನಲ್ಲಿ ಜಾಗವಿದೆ. ಮೇಲಿನ ಉದಾಹರಣೆಗೆ ಅದು ಸುಮಾರು 1.11 ಕೋಟಿ. ಆದರೆ 10 ಕೋಟಿಯ ಯೋಜನೆಗೆ 2.5 ಕೋಟಿ ಸಿಗುವುದಿಲ್ಲ, 1.8 ಕೋಟಿಗೇ ಗೆರೆ. ದೊಡ್ಡ ಯೋಜನೆಗೆ ಉಸಿರಾಡಲು ಜಾಗ ಕಡಿಮೆ ಎಂಬುದನ್ನು ಹಲವರು ಗಮನಿಸುವುದೇ ಇಲ್ಲ. ಅನುಮತಿಯಷ್ಟೇ ಸಾಲದು, ಆ ಹೆಚ್ಚಿನ ಹಣ ಎಲ್ಲಿಂದ ಎಂಬುದಕ್ಕೂ ಉತ್ತರ ಬೇಕು: ಇನ್ನೊಂದು ಯೋಜನೆಯ ಉಳಿತಾಯದಿಂದಲೇ.

ನಮೂನೆ ಬರೆಯುವ ಮುನ್ನ ಮಾಡಲೇಬೇಕಾದ ಅಗ್ಗದ ಕೆಲಸಗಳಿವೆ. ನಾಲ್ಕಾರು ಬೋರ್ ಕೊರೆದು ಮಣ್ಣು ಪರೀಕ್ಷೆ. ಹತ್ತಿರದ ಅಗ್ನಿಶಾಮಕ ಹೈಡ್ರಂಟ್ ತೆರೆದು ನೀರಿನ ಹರಿವು, ಒತ್ತಡದ ಅಳತೆ. ಹ್ಯಾಂಗರ್‌ಗೆ ಸಾಲದಿದ್ದರೆ ಪಂಪ್‌ಹೌಸ್ ಮತ್ತು ಟ್ಯಾಂಕ್ ಸೇರಬೇಕು, ಅದು ಸಣ್ಣ ಬಾಬ್ತಲ್ಲ. ಹಳೆ ಭೂಗತ ಕೇಬಲ್, ಪೈಪುಗಳ ಶೋಧ. ನಕ್ಷೆಯನ್ನು ನಂಬಬೇಡಿ, ಎರಡನೇ ಮಹಾಯುದ್ಧದ ಕಾಲದ ನೆಲೆಗಳಲ್ಲಿ ನಕ್ಷೆಗೂ ನೆಲಕ್ಕೂ ಪರಿಚಯವೇ ಇರುವುದಿಲ್ಲ. ಆಮೇಲೆ, ಆ ಜಾಗ ಮದ್ದುಗುಂಡು ಉಗ್ರಾಣದ ಸುರಕ್ಷತಾ ವೃತ್ತದೊಳಗೆ ಬೀಳುತ್ತದೆಯೇ ಎಂದು ನಕ್ಷೆಯಲ್ಲಿ ವೃತ್ತ ಎಳೆದು ನೋಡುವುದು. ಬಿದ್ದರೆ ರಕ್ಷಣಾ ಇಲಾಖೆಯ ಸ್ಫೋಟಕ ಸುರಕ್ಷತಾ ಮಂಡಳಿಯ ಒಪ್ಪಿಗೆ ಬೇಕು, ಇಲ್ಲವೇ ಜಾಗ ಬದಲಿಸಬೇಕು. ಜಾಗ ಬದಲಾದರೆ ಮೇಲೆ ಹೇಳಿದ್ದೆಲ್ಲ ಮೊದಲಿಂದ.

ಪರಿಸರದ ಕ್ಯಾಲೆಂಡರ್

ನೀಪಾ ಎಂದು ಕರೆಯುವ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಯಡಿ ಮೂರು ದಾರಿ: ಪಟ್ಟಿಯಲ್ಲಿರುವ ಮಾಮೂಲಿ ಕೆಲಸಕ್ಕೆ ವಿನಾಯಿತಿ, ಮಧ್ಯಮಕ್ಕೆ ಪರಿಸರ ಮೌಲ್ಯಮಾಪನ, ದೊಡ್ಡದಕ್ಕೆ ಪರಿಣಾಮ ಹೇಳಿಕೆ. 2023ರ ತಿದ್ದುಪಡಿ ಮೌಲ್ಯಮಾಪನಕ್ಕೆ 75 ಪುಟ ಮತ್ತು ಒಂದು ವರ್ಷ, ಹೇಳಿಕೆಗೆ ಸಾಮಾನ್ಯವಾಗಿ 150 ಪುಟ ಮತ್ತು ಎರಡು ವರ್ಷ ಎಂದು ಮಿತಿ ಹಾಕಿತು. ಪುಟಕ್ಕೆ ಮಿತಿ ಬಂದಿತು, ಜೊತೆಗೆ ನಡೆಯುವ ಸಮಾಲೋಚನೆಗಳಿಗೆ ಬರಲಿಲ್ಲ. ಅಳಿವಿನಂಚಿನ ಜೀವಿಗಳ ಕಾಯ್ದೆಯ 7ನೇ ವಿಧಿಯ ಔಪಚಾರಿಕ ಸಮಾಲೋಚನೆಗೆ 90 ದಿನ, ಅಭಿಪ್ರಾಯ ಬರೆಯಲು 45 ದಿನ, ಒಟ್ಟು 135. ಆ ಗಡಿಯಾರ ಓಡತೊಡಗುವುದು ಕಡತ ಪೂರ್ಣವಾಗಿದೆ ಎಂದು ವನ್ಯಜೀವಿ ಇಲಾಖೆ ಒಪ್ಪಿದ ಮೇಲೆ. ಸಮೀಕ್ಷೆಯ ಋತು ತಪ್ಪಿದರೆ ಕಡತ ಪೂರ್ಣವಾಗುವುದಕ್ಕೇ ಒಂದು ವರ್ಷ ಬೇಕು.

ಋತುವಿನ ಮಾತು ಬಂದಿತಲ್ಲ, ಇದೊಂದು ವಿಷಯಕ್ಕೆ ತುಸು ಹೆಚ್ಚು ಜಾಗ ಕೊಡುತ್ತೇನೆ. ಉತ್ತರದ ಉದ್ದಕಿವಿ ಬಾವಲಿ 2023ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ಬೇಸಿಗೆಯಲ್ಲಿ ಅದು ಮರಗಳ ತೊಗಟೆಯಡಿ, ಪೊಟರೆಗಳಲ್ಲಿ ಇರುತ್ತದೆ. ಆದ್ದರಿಂದ ಅದರ ಆವಾಸದಲ್ಲಿ ಮರ ಕಡಿಯುವುದನ್ನು ಚಳಿಗಾಲಕ್ಕೆ ಸೀಮಿತಗೊಳಿಸುವುದೇ ರೂಢಿ. ಹಣಕಾಸು ವರ್ಷದ ಕೊನೆಯ ಧಾವಂತದಲ್ಲಿ ಸೆಪ್ಟೆಂಬರ್‌ನಲ್ಲಿ ಗುತ್ತಿಗೆ ಕೊಟ್ಟರೆ ಗುತ್ತಿಗೆದಾರ ಸುರಕ್ಷತಾ ಯೋಜನೆ, ಮಳೆನೀರು ಯೋಜನೆ ಒಪ್ಪಿಸಿ ನೆಲಕ್ಕಿಳಿಯುವಷ್ಟರಲ್ಲಿ ಚಳಿಗಾಲ, ಪರವಾಗಿಲ್ಲ. ಅದೇ ಫೆಬ್ರವರಿಯಲ್ಲಿ ಕೊಟ್ಟರೆ ಆತ ಗರಗಸ ಎತ್ತುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಮುಂದಿನ ಚಳಿಗಾಲದವರೆಗೆ ಯಂತ್ರಗಳ ಬಾಡಿಗೆಗೆ ಬಿಲ್ಲು ಬರುತ್ತಿರುತ್ತದೆ. ಸುಲಭದ ದಾರಿ: ಮರ ಕಡಿಯುವುದನ್ನು ಪ್ರತ್ಯೇಕಿಸಿ ಮುಂಚೆಯೇ ಮುಗಿಸುವುದು. ಆದರೆ ನೀಪಾ ನಿರ್ಣಯಕ್ಕೆ ಮೊದಲು ಕೊಡಲಿ ಬೀಳಬಾರದು, ಆ ಮುಂಗಡ ಕೆಲಸದ ಹಣವೂ ಸರಿಯಾದ ಬಣ್ಣದ್ದಿರಬೇಕು. ಜಾಗ ಸಿದ್ಧತೆಯೂ ಯೋಜನೆಯದೇ ಭಾಗ. ಅದನ್ನು ನಿರ್ವಹಣಾ ನಿಧಿಗೆ ತಳ್ಳಿದರೆ ಮತ್ತೆ ಒಡೆದ ಯೋಜನೆಯ ಆಪಾದನೆ.

ಪ್ರಾಣಿಗಳ ವಿಷಯದಲ್ಲಿ ಅವಸರ ಏನು ಮಾಡುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಫೋರ್ಟ್ ಇರ್ವಿನ್ ಉದಾಹರಣೆ. ತರಬೇತಿ ಭೂಮಿ ವಿಸ್ತರಿಸಲು 2008ರಲ್ಲಿ ಮರುಭೂಮಿ ಆಮೆಗಳನ್ನು ನೂರಾರು ಸಂಖ್ಯೆಯಲ್ಲಿ ಬೇರೆಡೆಗೆ ಸಾಗಿಸಿದರು. ಬರಗಾಲದಿಂದ ಬೇಟೆ ಸಿಗದೆ ಹಸಿದಿದ್ದ ಕೊಯೊಟೆಗಳು ಅನೇಕವನ್ನು ತಿಂದವು, ಸ್ಥಳಾಂತರ ನಿಂತುಹೋಯಿತು.

ನೀರಿಗೆ ಸಂಬಂಧಿಸಿ ಎರಡು ಅಂಕಿ ನೆನಪಿನಲ್ಲಿರಲಿ. ಒಂದು ಎಕರೆ ಅಥವಾ ಹೆಚ್ಚು ನೆಲ ಕೆದಕಿದರೆ ಮಳೆನೀರು ಪರವಾನಗಿ ಬೇಕು. 5,000 ಚದರಡಿಗಿಂತ ಹೆಚ್ಚು ನೆಲ ಆವರಿಸುವ ಫೆಡರಲ್ ಯೋಜನೆ, 2007ರ ಇಂಧನ ಕಾಯ್ದೆಯ 438ನೇ ವಿಧಿಯಂತೆ, ಕಟ್ಟುವ ಮುಂಚಿನ ನೀರಿನ ಹರಿವನ್ನು ಉಳಿಸಿಕೊಳ್ಳಬೇಕು. ವಿನ್ಯಾಸಕ್ಕೆ ಸಾಮಾನ್ಯವಾಗಿ 95ನೇ ಪರ್ಸೆಂಟೈಲ್ ಮಳೆಯನ್ನು, ಅಂದರೆ ನೂರರಲ್ಲಿ 95 ಮಳೆಗಳು ಮೀರದ ಪ್ರಮಾಣವನ್ನು, ಹಿಡಿಯುತ್ತಾರೆ. ಇಂಗುಗುಂಡಿಗೆ ಜಾಗ ಬೇಕು, ಆ ಜಾಗವನ್ನು ಪಾರ್ಕಿಂಗ್ ಆಗಲೇ ನುಂಗಿರುತ್ತದೆ. ಕಲುಷಿತ ಮಣ್ಣಿನ ಮೇಲೆ ಇಂಗಿಸಿದರೆ ವಿಷ ಅಂತರ್ಜಲಕ್ಕಿಳಿಯುತ್ತದೆ, ಹಾಗಾಗಿ ಅಲ್ಲಿ ಇಂಗಿಸುವಂತಿಲ್ಲ. ನಿರ್ಮಾಣದ ತಂಡ ಮತ್ತು ಶುದ್ಧೀಕರಣದ ತಂಡ ಒಂದೇ ನಕ್ಷೆ ನೋಡದಿದ್ದರೆ ಈ ವಿರೋಧ ಹೊರಬೀಳುವುದು ವಿನ್ಯಾಸ ಮುಗಿದ ಮೇಲೆ.

ಹಳೆಯ ಮಾಲಿನ್ಯದ ಶುದ್ಧೀಕರಣ ತನ್ನದೇ ಮೆಟ್ಟಿಲು ಹತ್ತುತ್ತದೆ: ಪ್ರಾಥಮಿಕ ಪರಿಶೀಲನೆ, ವಿವರವಾದ ತನಿಖೆ, ಪರ್ಯಾಯಗಳ ಅಧ್ಯಯನ, ಸಾರ್ವಜನಿಕರ ಮುಂದೆ ಪ್ರಸ್ತಾಪ, ನಿರ್ಣಯ ದಾಖಲೆ, ಆಮೇಲೆ ಕೆಲಸ. ವಿಷ ಉಳಿದಿದ್ದರೆ ಐದು ವರ್ಷಕ್ಕೊಮ್ಮೆ ಮರುಪರಿಶೀಲನೆ. 1986ರಲ್ಲಿ ರೂಪುಗೊಂಡ, ರಕ್ಷಣಾ ಇಲಾಖೆಯ ಪರಿಸರ ಪುನಶ್ಚೇತನ ಕಾರ್ಯಕ್ರಮದ ಖಾತೆ ಅಪಾಯದ ಕ್ರಮದಲ್ಲಿ ಖರ್ಚು ಮಾಡುತ್ತದೆ. ‘ನಮ್ಮ ಹ್ಯಾಂಗರ್‌ಗೆ ಅಡ್ಡವಾಗಿದೆ’ ಎಂಬುದು ಅಲ್ಲಿ ಆದ್ಯತೆಯ ಕಾರಣವಲ್ಲ. ಹಾಗಾಗಿ ಅಗೆಯುವುದರಿಂದಷ್ಟೇ ಹುಟ್ಟುವ ವೆಚ್ಚ, ಅಂದರೆ ತೆಗೆದ ಮಣ್ಣಿನ ವಿಲೇವಾರಿ, ಗುಂಡಿಯಿಂದ ಪಂಪ್ ಮಾಡಿದ ನೀರಿನ ಸಂಸ್ಕರಣೆ, ನಿರ್ಮಾಣದ ಹಣದ ಮೇಲೆಯೇ ಬೀಳುತ್ತದೆ ಎಂದುಕೊಂಡು 1391 ಬರೆಯುವುದೇ ಕ್ಷೇಮ.

ಹ್ಯಾಂಗರ್ ಎಂದಮೇಲೆ ಸುಲಭವಾಗಿ ಕೊಳೆತುಹೋಗದ ರಾಸಾಯನಿಕಗಳ ಗುಂಪಾದ ಪಿಎಫ್‌ಎಎಸ್ ಇದ್ದೇ ಇರುತ್ತದೆ. ದಶಕಗಳ ಕಾಲ ಬೆಂಕಿ ಆರಿಸಲು ಬಳಸಿದ ಎಎಫ್‌ಎಫ್‌ಎಫ್ ನೊರೆಯಿಂದ ಬಂದದ್ದು ಅದು. 2024ರ ಏಪ್ರಿಲ್‌ನಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಕುಡಿಯುವ ನೀರಿನಲ್ಲಿ ಈ ಗುಂಪಿನ ಪಿಎಫ್‌ಒಎ ಮತ್ತು ಪಿಎಫ್‌ಒಎಸ್‌ಗೆ ತಲಾ ಲಕ್ಷ ಕೋಟಿಗೆ 4 ಪಾಲಿನ ಮಿತಿ ಹಾಕಿತು. ಅದೇ ವರ್ಷ ಎರಡನ್ನೂ ಅಪಾಯಕಾರಿ ವಸ್ತುಗಳೆಂದು ಘೋಷಿಸಿತು. ಅಂತರ್ಜಲ ಮೇಲ್ಮಟ್ಟದಲ್ಲಿದ್ದರೆ ಅಡಿಪಾಯದ ಗುಂಡಿ ಒಣಗಿಸಲು ತೆಗೆಯುವ ಪ್ರತಿ ಗ್ಯಾಲನ್ನೂ ಇಂಗಾಲದ ಸೋಸುತೊಟ್ಟಿಯ ಮೂಲಕ ಹೋಗಬೇಕಾದೀತು. ಅದಕ್ಕಿಂತ ಅಡಿಪಾಯವನ್ನು ಎರಡಡಿ ಮೇಲಕ್ಕೆತ್ತಿ ಗುಂಡಿಯನ್ನೇ ಆಳವಿಲ್ಲದಂತೆ ಮಾಡುವುದು ಎಷ್ಟೋ ಸಲ ಅಗ್ಗ.

ಹಳೆ ಗುರಿಯಭ್ಯಾಸದ ನೆಲವಾದರೆ ಸಿಡಿಯದ ಮದ್ದುಗುಂಡು. ಸಂಭವ ಕಡಿಮೆ ಇದ್ದರೆ ತಜ್ಞನೊಬ್ಬ ಅಗೆಯುವಲ್ಲಿ ನಿಂತು ನೋಡುತ್ತಾನೆ. ಹೆಚ್ಚಿದ್ದರೆ ಮೊದಲು ಪೂರ್ತಿ ಶೋಧಿಸಿ ತೆಗೆಯಬೇಕು, ಅದಕ್ಕೆ ಸ್ಫೋಟಕ ಸುರಕ್ಷತಾ ಯೋಜನೆ ಒಪ್ಪಿಗೆಯಾಗಿರಬೇಕು.

ಕರೆಂಟಿನ ಕಥೆ

ನಿರ್ಣಾಯಕ ಕಾರ್ಯಗಳ ವಿದ್ಯುತ್ ಹೊರೆಗೆ 2030ರ ಹಣಕಾಸು ವರ್ಷದ ಅಂತ್ಯದೊಳಗೆ ಕನಿಷ್ಠ ಶೇ. 99.9 ಲಭ್ಯತೆ ಇರಬೇಕೆಂದು ಕಾನೂನು ಹೇಳುತ್ತದೆ. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 8 ಮುಕ್ಕಾಲು ಗಂಟೆ ಮಾತ್ರ ಕತ್ತಲೆ. ಹಳೆ ರೂಢಿ ಎಂದರೆ ಪ್ರತಿ ಕಟ್ಟಡಕ್ಕೊಂದು ಡೀಸೆಲ್ ಜನರೇಟರ್. ಎಲ್ಲರೂ ತಮ್ಮ ಗರಿಷ್ಠ ಹೊರೆಗೂ ಮೀರಿ ದೊಡ್ಡ ಯಂತ್ರ ಬರೆಸುತ್ತಾರೆ. ನಿಜವಾದ ಹೊರೆ ಅದರ ಶೇ. 30ಕ್ಕೂ ಕೆಳಗೆ ಓಡಿದರೆ ಎಂಜಿನ್ ಬಿಸಿಯೇರದೆ, ಉರಿಯದ ಇಂಧನ ಹೊಗೆಕೊಳವೆಯಲ್ಲಿ ಜಿಡ್ಡಾಗಿ ಕಟ್ಟುತ್ತದೆ. ಅದಕ್ಕೇ ತುರ್ತು ವಿದ್ಯುತ್ತಿನ ಮಾನದಂಡವಾದ ಎನ್‌ಎಫ್‌ಪಿಎ 110 ತಿಂಗಳಿಗೊಮ್ಮೆ 30 ನಿಮಿಷ, ಕನಿಷ್ಠ ಶೇ. 30 ಹೊರೆಯಲ್ಲಿ ಓಡಿಸಲು ಹೇಳುತ್ತದೆ. ಕಟ್ಟಡ ಅಷ್ಟು ಹೊರೆ ಕೊಡದಿದ್ದರೆ ವರ್ಷಕ್ಕೊಮ್ಮೆ ಕೃತಕ ಹೊರೆ ಕೊಡುವ ಲೋಡ್ ಬ್ಯಾಂಕ್ ಕಟ್ಟಿ ಪರೀಕ್ಷಿಸಬೇಕು. ಲೋಡ್ ಬ್ಯಾಂಕ್ ಕಟ್ಟಲು ಹೊರಗೋಡೆಯಲ್ಲಿ ಸಿದ್ಧ ಜೋಡಣೆ ಇಡುವುದು ವಿನ್ಯಾಸದಲ್ಲಿ ಒಂದು ಸಾಲು. ಮರೆತರೆ ಪ್ರತಿ ವರ್ಷ ಸ್ವಿಚ್‌ಗೇರ್ ಬಿಚ್ಚಬೇಕು.

ಮೈಕ್ರೊಗ್ರಿಡ್‌ಗೆ ಹಣದ ದಾರಿ ಹಲವು. ಇಆರ್‌ಸಿಐಪಿ ಎಂಬುದು ಇಂಧನ ಯೋಜನೆಗೆ ಮೀಸಲಾದ ನಿರ್ಮಾಣ ಹಣ, ಪೈಪೋಟಿಯಲ್ಲಿ ಗೆಲ್ಲಬೇಕು. ಇಎಸ್‌ಪಿಸಿ ಎಂಬುದರಲ್ಲಿ ಖಾಸಗಿ ಕಂಪನಿ ತನ್ನ ಸಾಲದಲ್ಲಿ ದೀಪ, ಚಿಲ್ಲರ್, ನಿಯಂತ್ರಣ ವ್ಯವಸ್ಥೆ ಕೂರಿಸಿ, ಖಾತರಿ ಕೊಟ್ಟ ಉಳಿತಾಯದಿಂದ 25 ವರ್ಷದವರೆಗೂ ವಸೂಲು ಮಾಡಿಕೊಳ್ಳುತ್ತದೆ. ಹವಾಯಿಯ ಸ್ಕೋಫೀಲ್ಡ್ ಬ್ಯಾರಕ್ಸ್‌ನಲ್ಲಿ ಮೂರನೆಯ ದಾರಿ: ಸೇನೆ ಜಾಗ ಗುತ್ತಿಗೆ ಕೊಟ್ಟಿತು, ಹವಾಯಿಯನ್ ಎಲೆಕ್ಟ್ರಿಕ್ 50 ಮೆಗಾವಾಟ್ ಸ್ಥಾವರ ಕಟ್ಟಿ 2018ರಲ್ಲಿ ಚಾಲೂ ಮಾಡಿತು, ದಿನನಿತ್ಯ ದ್ವೀಪದ ಗ್ರಾಹಕರಿಗೆ, ತುರ್ತಿನಲ್ಲಿ ಸೇನೆಗೆ.

ಈ ದಾರಿಗಳು ನಿರ್ಮಾಣಕ್ಕೆ ಎಡತಾಕುವ ಜಾಗಗಳು ಎರಡು. ಮೊದಲನೆಯದು, ಕೆಡವಲು ಹೊರಟ ಹಳೆ ಕಟ್ಟಡ ಇಎಸ್‌ಪಿಸಿಯ ಪಟ್ಟಿಯಲ್ಲಿದ್ದರೆ ಅದರ ಉಳಿತಾಯದ ಲೆಕ್ಕ ಕುಸಿಯುತ್ತದೆ, ಬಾಕಿ ಸಾಲ ಯಾರಾದರೂ ತೀರಿಸಬೇಕು. ಕೆಡಹುವ ಪಟ್ಟಿ ಮತ್ತು ಇಎಸ್‌ಪಿಸಿ ಪಟ್ಟಿ ಎದುರುಬದುರಿಟ್ಟು ನೋಡಲು ಒಂದು ಮಧ್ಯಾಹ್ನ ಸಾಕು. ಎರಡನೆಯದು, ಅನೇಕ ನೆಲೆಗಳಲ್ಲಿ ವಿದ್ಯುತ್, ನೀರಿನ ಜಾಲ ಖಾಸಗಿಗೆ ಮಾರಾಟವಾಗಿದೆ. ಒಪ್ಪಂದ 50 ವರ್ಷದ್ದೂ ಇರುತ್ತದೆ. ಕಟ್ಟಡದ ಗುತ್ತಿಗೆದಾರ ಆ ತಂತಿಯನ್ನು ಮುಟ್ಟುವಂತಿಲ್ಲ. ಜಾಲದ ಒಡೆಯನಿಗೆ ಬೇರೆ ಗುತ್ತಿಗೆ ತಿದ್ದುಪಡಿ, ಬೇರೆ ದರ ಮಾತುಕತೆ, ಬೇರೆ ಟ್ರಾನ್ಸ್‌ಫಾರ್ಮರ್ ಆರ್ಡರ್. ಇದನ್ನು ಕಟ್ಟಡದ ಅಡಿಪಾಯ ಎದ್ದ ಮೇಲೆ ಶುರು ಮಾಡಿದರೆ ಕಟ್ಟಡ ಮುಗಿದು ಕರೆಂಟಿಗಾಗಿ ಕಾಯುತ್ತದೆ.

ಹಸ್ತಾಂತರ

ನಿರ್ಮಾಣದ ಹಂತದಲ್ಲಿ ಮಣ್ಣಿನ ವಿಷಯ ಒಪ್ಪಂದದಂತೆ ಇಲ್ಲದಿದ್ದರೆ ಭಿನ್ನ ಸ್ಥಳ ಪರಿಸ್ಥಿತಿಯ ಷರತ್ತಿನಡಿ ಗುತ್ತಿಗೆದಾರ ಹಣ, ಸಮಯ ಎರಡನ್ನೂ ಕೇಳಬಹುದು. ಗುಣಮಟ್ಟಕ್ಕೆ ಪ್ರತಿ ಮುಖ್ಯ ಕೆಲಸಕ್ಕೂ ಮೂರು ಹಂತದ ತಪಾಸಣೆ: ಶುರುವಿಗೆ ಮುನ್ನ ಸಭೆ, ಮೊದಲ ತುಣುಕು ಕಣ್ಣೆದುರು, ಆಮೇಲೆ ನಿತ್ಯದ ನಿಗಾ. ಮೊದಲನೆಯದು ಸಹಿ ಹಾಕುವ ಶಾಸ್ತ್ರವಾದರೆ ಉಳಿದೆರಡೂ ದಂಡ.

ಕೊನೆಯಲ್ಲಿ ಕೈಕೊಡುವವು ಬೇರೆ. ಮೇಜು, ಕುರ್ಚಿ, ಕಪಾಟು ಸಾಮಾನ್ಯವಾಗಿ ಮಿಲ್‌ಕಾನ್ ಹಣದಲ್ಲಿ ಬರುವುದಿಲ್ಲ, ನಿರ್ವಹಣಾ ನಿಧಿಯಿಂದ ಬರಬೇಕು. ಕಟ್ಟಡ ಮುಗಿಯುವ ವರ್ಷದ ಬಜೆಟ್‌ನಲ್ಲಿ ಅದನ್ನು ಯಾರೂ ಹಾಕಿರದಿದ್ದರೆ ಖಾಲಿ ಕೋಣೆಗಳ ಉದ್ಘಾಟನೆ. ಹವಾನಿಯಂತ್ರಣದ ಕಂಪ್ಯೂಟರ್ ವ್ಯವಸ್ಥೆಗೆ ಸೈಬರ್ ಸುರಕ್ಷತೆಯ ಚಾಲನಾ ಅನುಮತಿ ಬೇಕು; ಯುಎಫ್‌ಸಿ 4-010-06 ಎಂಬ ಸೈಬರ್ ಸುರಕ್ಷತಾ ಮಾನದಂಡದ ಕೆಲಸವನ್ನು ವಿನ್ಯಾಸದಲ್ಲೇ ಹಿಡಿಯದಿದ್ದರೆ ಕೋಟಿ ಡಾಲರ್‌ನ ಉಪಕರಣ ಜಾಲಕ್ಕೆ ಸೇರದೆ ಕೈಯಲ್ಲಿ ತಿರುಗಿಸುವ ಕವಾಟವಾಗಿ ಉಳಿಯುತ್ತದೆ. ಜನವರಿಯಲ್ಲಿ ಹಸ್ತಾಂತರವಾದ ಕಟ್ಟಡದ ತಂಪು ವ್ಯವಸ್ಥೆಯನ್ನು ಬೇಸಿಗೆಯಲ್ಲಿ ಮತ್ತೆ ಪರೀಕ್ಷಿಸುವ ಷರತ್ತು ಗುತ್ತಿಗೆಯಲ್ಲೇ ಇರಬೇಕು, ಏಕೆಂದರೆ ಖಾತರಿ ಅವಧಿ ಒಂದೇ ವರ್ಷ.

2018ರ ಅಕ್ಟೋಬರ್ 10ರಂದು ಮೈಕೆಲ್ ಚಂಡಮಾರುತ ಫ್ಲಾರಿಡಾದ ಟಿಂಡಲ್ ವಾಯುನೆಲೆಯನ್ನು ನೆಲಸಮ ಮಾಡಿದ ಮೇಲೆ ಹೊಸ ಕಟ್ಟಡಗಳನ್ನು ಗಂಟೆಗೆ 165 ಮೈಲಿ ಗಾಳಿಗೆ ವಿನ್ಯಾಸ ಮಾಡಿದರು. ಮರುನಿರ್ಮಾಣಕ್ಕೆ ದೊಡ್ಡ ಮೊತ್ತ ಒಟ್ಟಿಗೆ ಬಂದದ್ದರಿಂದ ನೆಲೆಯನ್ನು ಒಂದೇ ನಕ್ಷೆಯಾಗಿ ನೋಡುವ ಅವಕಾಶ ಅಲ್ಲಿತ್ತು. ಉಳಿದ ನೆಲೆಗಳಿಗೆ ಆ ಭಾಗ್ಯವಿಲ್ಲ. ಅವು ವರ್ಷಕ್ಕೊಂದು ಕಟ್ಟಡದಂತೆ ಬೆಳೆಯುತ್ತವೆ.

ಕಟ್ಟಡ ನೆಲೆಯ ಆಸ್ತಿಯಾಗುವುದು ಡಿಡಿ 1354 ನಮೂನೆಯಲ್ಲಿ. ಇದರ ಕರಡನ್ನು ವಿನ್ಯಾಸದ ಹಂತದಲ್ಲೇ ಬರೆದಿಡಬೇಕು: ಕಟ್ಟಡದ ವರ್ಗ ಸಂಕೇತ, ಚದರಡಿ, ಹೊಸ ಟ್ರಾನ್ಸ್‌ಫಾರ್ಮರ್, ಪೈಪಿನ ಉದ್ದ, ರಸ್ತೆಯ ಚದರ ಗಜ, ಪಂಪ್‌ಹೌಸ್, ಇಂಗುಗುಂಡಿ, ಪ್ರತಿಯೊಂದೂ ಬೇರೆ ಸಾಲು. ನೆಲೆಗೆ ಮುಂದೆ ಬರುವ ನಿರ್ವಹಣೆಯ ಅಂದಾಜು ಈ ಆಸ್ತಿಪಟ್ಟಿಯಿಂದಲೇ ಲೆಕ್ಕವಾಗುತ್ತದೆ. ಪಂಪ್‌ಹೌಸನ್ನು ಹ್ಯಾಂಗರ್‌ನ ಸಾಲಿನೊಳಗೆ ಸೇರಿಸಿ ಬರೆದುಬಿಟ್ಟರೆ, ಹದಿನೈದು ವರ್ಷದ ನಂತರ ಆ ಪಂಪು ಕೆಟ್ಟಾಗ ಬದಲಿಸಲು ಹಣ ಕೇಳುವವನ ಕೈಯಲ್ಲಿ ಪಂಪ್‌ಹೌಸ್ ಇದೆ ಎಂದು ತೋರಿಸುವ ಕಾಗದವೇ ಇರುವುದಿಲ್ಲ.